ಬೇವಿನ ಪರೀಕ್ಷೆ ಯಾರು ಮಾಡಬೇಕು?

(ಯಾದಗಿರಿ, ಶಹಾಪುರ ಮತ್ತು ಸುರಪುರಗಳಲ್ಲಿ ಗಿರಣಿ ಕಾರ್ಮಿಕರ ಹಾಗೂ ಸಣ್ಣ ವ್ಯಾಪಾರಸ್ಥರ ಸಭೆಗಳಲ್ಲಿ ಮಾಡಿದ ಭಾಷಣ)



ನಮ್ಮ ಸಭೆಗಳೆಂದರೆ ಕೂಲಿಯ ದರ, ತೂಕದ ಮೋಸ, ಪಡಿತರದ ಅಕ್ಕಿ, ಇವೇ ಮಾತುಗಳು ಎಂಬುದು ತಮಗೆಲ್ಲ ಗೊತ್ತಿದೆ. ಇಂದು ನಾವು ಬೇವಿನ ಮರದ ಮಾತು ಎತ್ತಿದರೆ, ಪಕ್ಷದವರು ಯಾವಾಗ ವೈದ್ಯರಾದರು ಎಂದು ಕೆಲವರು ನಗಬಹುದು. ನಗಲಿ. ಈ ಮಾತು ಎತ್ತುವುದಕ್ಕೆ ಒಂದು ಕಾರಣವಿದೆ, ಅದನ್ನು ಮೊದಲು ಹೇಳಿಬಿಡುತ್ತೇವೆ.

ನಮ್ಮ ಪರಿಚಯದ ಒಬ್ಬ ಹಮಾಲರು ಹತ್ತಿಯ ಗಿರಣಿಯೊಂದರಲ್ಲಿ ಕೆಲಸ ಮಾಡುತ್ತಿದ್ದರು. ಗಿರಣಿ ಯಾವುದು, ಯಾವ ಊರಿನದು ಎಂಬುದು ಇಲ್ಲಿ ಬೇಡ. ಗಠಾಣಿಗೆ ಬಿಗಿಯುವ ಕಬ್ಬಿಣದ ಪಟ್ಟಿಯ ತುಂಡೊಂದು ಅವರ ಅಂಗಾಲಿಗೆ ಚುಚ್ಚಿತು. ರಕ್ತ ಹೆಚ್ಚು ಬರಲಿಲ್ಲ. "ಬೇವಿನ ತಪ್ಪಲಾ, ಅರಿಶಿಣ ಅರದು ಕಟ್ಟಪಾ, ನಾಳಿಗಿ ಬಾ" ಎಂದು ಮೇಲಿನವರು ಹೇಳಿದರು. ಇವರೂ ಹಾಗೆಯೇ ಮಾಡಿದರು, ಮರುದಿನ ಕೆಲಸಕ್ಕೂ ಹೋದರು. ಗಾಯ ಮೇಲೆ ಮಾಯ್ದಿತು. ಎಂಟನೆಯ ದಿನ ಬಾಯಿ ತೆರೆಯಲು ಬರಲಿಲ್ಲ. ಧನುರ್ವಾಯು. ಕಲಬುರಗಿಯ ದವಾಖಾನೆಯಲ್ಲಿ ವಾರಗಟ್ಟಲೆ ಮಲಗಿ ಜೀವ ಉಳಿಯಿತು. ಮಾಡಿದ ಸಾಲ ಇನ್ನೂ ತೀರಿಲ್ಲ. ನಾವು ನೋಡಲು ಹೋದಾಗ ಅವರು ಕೇಳಿದ ಮಾತು ಇದು: "ಮಾಸ್ತರ್ರ, ನಮ್ಮ ಅಪ್ಪ, ನಮ್ಮ ಮುತ್ಯಾ ಎಲ್ಲಾರೂ ಬೇವೇ ಹಚ್ಚ್ಯಾರ. ಬೇವು ಸುಳ್ಳೇನ್ರಿ?"

ಸುಳ್ಳು ಎನ್ನಲು ನಮಗೆ ಬಾಯಿ ಬರಲಿಲ್ಲ. ನಿಜ ಎನ್ನಲೂ ಬರಲಿಲ್ಲ. ಇಷ್ಟು ವರ್ಷ ಮಕ್ಕಳಿಗೆ ಪಾಠ ಹೇಳಿದವರಿಗೆ ಒಂದು ಮರದ ಬಗ್ಗೆ ನೇರ ಉತ್ತರ ಕೊಡಲಾಗಲಿಲ್ಲವಲ್ಲ ಎಂಬ ನಾಚಿಕೆಯಿಂದ ಓದತೊಡಗಿದೆವು, ತಿಳಿದವರನ್ನು ಕೇಳತೊಡಗಿದೆವು. ಅದರಲ್ಲಿ ತಿಳಿದದ್ದನ್ನು ತಮ್ಮ ಮುಂದೆ ಇಡುತ್ತೇವೆ.

ಒಂದು ಗಿಡಕ್ಕೆ ಔಷಧದ ಗುಣವಿದೆಯೋ ಇಲ್ಲವೋ ಎಂಬುದನ್ನು ಪರೀಕ್ಷಿಸುವ ಕ್ರಮ ಮಂತ್ರವೇನೂ ಅಲ್ಲ. ಮೊದಲನೆಯದಾಗಿ ಗಿಡ ಅದೇ ಹೌದೋ ಎಂದು ನೋಡಬೇಕು. ಬೇವು ಬೇರೆ, ಹೆಬ್ಬೇವು ಬೇರೆ. ಅದೇ ಬಳಗದ, ನೋಡಲು ಬೇವಿನಂತೆಯೇ ಇರುವ ಇನ್ನೊಂದು ಮರದ ಹಣ್ಣು ತಿಂದರೆ ವಿಷವಾಗುತ್ತದೆ. ಆದ್ದರಿಂದ ಎಲೆ, ಹೂವು, ಕಾಯಿ ಸಹಿತ ಒಂದು ಟೊಂಗೆಯನ್ನು ಒತ್ತಿ ಒಣಗಿಸಿ, ಯಾವ ಊರು, ಯಾವ ತಿಂಗಳು ಎಂದು ಬರೆದು ಕಾಗದಕ್ಕೆ ಅಂಟಿಸಿಡುತ್ತಾರೆ. ಮುಂದೆ ವಾದ ಬಂದರೆ ಅದೇ ಸಾಕ್ಷಿ. ಬಳಿಕ ಎಲೆಯನ್ನು ನೆರಳಲ್ಲಿ ಒಣಗಿಸಿ, ಪುಡಿ ಮಾಡಿ, ಒಂದರ ನಂತರ ಒಂದರಂತೆ ಬೇರೆ ಬೇರೆ ದ್ರಾವಕಗಳಲ್ಲಿ ನೆನೆಹಾಕಿ ಸಾರ ತೆಗೆಯುತ್ತಾರೆ. ಪೆಟ್ರೋಲಿಯಂ ಈಥರ್ ಎಣ್ಣೆಯಂಶವನ್ನು ಎಳೆಯುತ್ತದೆ, ಮದ್ಯಸಾರ ಕಹಿಯನ್ನೂ ಬಣ್ಣವನ್ನೂ ಎಳೆಯುತ್ತದೆ, ನೀರು ಉಳಿದದ್ದನ್ನು ಎಳೆಯುತ್ತದೆ. ನಮ್ಮ ತಾಯಂದಿರು ಕಷಾಯಕ್ಕೆ ಒಂದನ್ನು ಕುದಿಸುತ್ತಾರೆ, ಇನ್ನೊಂದನ್ನು ರಾತ್ರಿ ತಣ್ಣೀರಲ್ಲಿ ನೆನೆಯಿಡುತ್ತಾರೆ. ಆ ಭೇದಕ್ಕೆ ಅರ್ಥವಿದೆ. ಚೀನಾದೇಶದ ತೂ ಯೂಯೂ ಎಂಬ ಮಹಿಳೆ ೧೯೭೧-೭೨ರಲ್ಲಿ ಮಲೇರಿಯಾಕ್ಕೆ ಔಷಧ ಹುಡುಕುವಾಗ, ಒಂದು ಗಿಡದ ಸಾರ ಒಮ್ಮೆ ಕೆಲಸ ಮಾಡುತ್ತಿತ್ತು, ಒಮ್ಮೆ ಮಾಡುತ್ತಿರಲಿಲ್ಲ. ಹದಿನಾರು ಶತಮಾನಗಳ ಹಿಂದಿನ ವೈದ್ಯಗ್ರಂಥದಲ್ಲಿ ಅದನ್ನು ಕುದಿಸದೆ ನೀರಲ್ಲಿ ನೆನೆಸಿ ಹಿಂಡಬೇಕೆಂದು ಇದ್ದುದನ್ನು ಓದಿ, ಕಡಿಮೆ ಶಾಖದಲ್ಲಿ ಈಥರಿನಿಂದ ಸಾರ ತೆಗೆದರು; ಔಷಧ ಸಿಕ್ಕಿತು. ೨೦೧೫ರಲ್ಲಿ ಆಕೆಗೆ ನೊಬೆಲ್ ಬಹುಮಾನ ಬಂತು. ಆಕೆಗೆ ಡಾಕ್ಟರೇಟ್ ಪದವಿಯೂ ಇರಲಿಲ್ಲ ಎಂಬುದನ್ನು ಇಲ್ಲಿನ ವಿದ್ಯಾರ್ಥಿಗಳಿಗಾಗಿ ಹೇಳುತ್ತಿದ್ದೇವೆ.

ಸಾರ ತೆಗೆದ ಮೇಲೆ ಅದರಲ್ಲಿ ಏನಿದೆ ಎಂದು ನೋಡುವ ಪರೀಕ್ಷೆಗಳು. ಇವುಗಳಲ್ಲಿ ಕೆಲವನ್ನು ನಾವು ಶಾಲೆಯ ಪಡಸಾಲೆಯಲ್ಲೇ ಮಾಡಿ ತೋರಿಸಿದ್ದುಂಟು. ಕರಿಜಾಲಿಯ ತೊಗಟೆಯನ್ನು ಕುದಿಸಿದ ನೀರಿಗೆ ತುಕ್ಕು ಹಿಡಿದ ಮೊಳೆ ಹಾಕಿಟ್ಟರೆ ಬೆಳಗಾಗುವಷ್ಟರಲ್ಲಿ ನೀರು ಕಪ್ಪಾಗುತ್ತದೆ. ಅದರಲ್ಲಿ ಟ್ಯಾನಿನ್ ಇದೆ ಎಂದರ್ಥ. ಚರ್ಮ ಹದ ಮಾಡುವ ನಮ್ಮ ಬಂಧುಗಳು ಆ ತೊಗಟೆಯನ್ನು ತಲೆಮಾರುಗಳಿಂದ ಬಳಸಿದ್ದು ಅದಕ್ಕಾಗಿಯೇ. ಪ್ರಯೋಗಶಾಲೆಯಲ್ಲಿ ಮೊಳೆಯ ಬದಲು ಫೆರಿಕ್ ಕ್ಲೋರೈಡಿನ ಹನಿ ಹಾಕುತ್ತಾರೆ, ಅಷ್ಟೇ ಭೇದ. ಅಂಟುವಾಳದ ನೀರು ಕುಲುಕಿದರೆ ನೊರೆ ನಿಲ್ಲುತ್ತದೆ, ಅದು ಸಪೋನಿನ್. ಆಲ್ಕಲಾಯ್ಡ್ ಎಂಬ ಉಗ್ರ ದ್ರವ್ಯಗಳಿದ್ದರೆ ಮೇಯರ್ ಎಂಬಾತನ ಹೆಸರಿನ ದ್ರಾವಣ ಹಾಕಿದೊಡನೆ ಬೆಳ್ಳಗೆ ಗಷ್ಟು ಇಳಿಯುತ್ತದೆ. ಈ ಪರೀಕ್ಷೆಗಳು ಇಂಥ ಜಾತಿಯ ದ್ರವ್ಯ ಇದೆ ಎಂದಷ್ಟೇ ಹೇಳುತ್ತವೆ, ಎಷ್ಟಿದೆ, ಯಾವುದು ಎಂದು ಹೇಳುವುದಿಲ್ಲ. ಸಂತೆಯಲ್ಲಿ ಬೇಳೆ ಬಂದಿದೆ ಎಂದು ಕೇಳಿದ ಮಾತ್ರಕ್ಕೆ ತೊಗರಿಯೋ ಕಡಲೆಯೋ, ಎಷ್ಟು ಚೀಲವೋ ತಿಳಿಯುವುದಿಲ್ಲವಷ್ಟೆ.

ಬೇವಿನ ಕಹಿಯನ್ನು ಬಿಡಿಸಿ ತೋರಿಸಿದವರು ಸಲೀಮುಝ್ಝಮಾನ್ ಸಿದ್ದೀಕಿ. ದಿಲ್ಲಿಯಲ್ಲಿ ಹಕೀಮ್ ಅಜ್ಮಲ್ ಖಾನರ ಆಶ್ರಯದಲ್ಲಿ ಯುನಾನಿ ಗಿಡಮೂಲಿಕೆಗಳ ರಸಾಯನ ಶೋಧಿಸತೊಡಗಿದವರು ಇವರು. ಸರ್ಪಗಂಧದ ಬೇರಿನಿಂದ ತೆಗೆದ ದ್ರವ್ಯವೊಂದಕ್ಕೆ ಹಕೀಮರ ಹೆಸರಲ್ಲೇ ಅಜ್ಮಲಿನ್ ಎಂದು ಹೆಸರಿಟ್ಟರು. ೧೯೪೨ರಲ್ಲಿ ಬೇವಿನ ಎಣ್ಣೆಯನ್ನು ಬೇರೆ ಬೇರೆ ದ್ರಾವಕಗಳಲ್ಲಿ ಸೋಸಿ ಮೂರು ಕಹಿ ದ್ರವ್ಯಗಳನ್ನು ಬೇರ್ಪಡಿಸಿದರು: ನಿಂಬಿನ್, ನಿಂಬಿನಿನ್, ನಿಂಬಿಡಿನ್. ಆ ಲೇಖನ ಅಚ್ಚಾದದ್ದು ನಮ್ಮ ಬೆಂಗಳೂರಿನಿಂದ ಹೊರಡುವ 'ಕರೆಂಟ್ ಸೈನ್ಸ್' ಪತ್ರಿಕೆಯಲ್ಲಿ. ಬೇವಿನ ಕಹಿ ದ್ರವ್ಯಗಳು ನಿಂಬೆಯ ಬೀಜದ ಕಹಿಯ ಬಳಗದವು ಎಂಬುದು ಆಮೇಲೆ ತಿಳಿಯಿತು. ೧೯೫೯ರಲ್ಲಿ ಸುಡಾನ್ ದೇಶದಲ್ಲಿ ಮಿಡತೆಯ ದಂಡು ಹಸಿರೆಲ್ಲ ಬೋಳಿಸಿ ಬೇವನ್ನು ಮಾತ್ರ ಮುಟ್ಟದೆ ಹೋದುದನ್ನು ಶ್ಮುಟೆರರ್ ಎಂಬ ಜರ್ಮನ್ ವಿಜ್ಞಾನಿ ಕಂಡರು. ೧೯೬೮ರಲ್ಲಿ ಇಂಗ್ಲೆಂಡಿನಲ್ಲಿ ಬೀಜದಿಂದ ಅಜಾಡಿರಾಕ್ಟಿನ್ ಬೇರ್ಪಟ್ಟಿತು. ಅದನ್ನು ಪ್ರಯೋಗಶಾಲೆಯಲ್ಲೇ ಕಟ್ಟಲು ಹೊರಟ ಕೇಂಬ್ರಿಜಿನ ರಸಾಯನ ಶಾಸ್ತ್ರಜ್ಞರಿಗೆ ಇಪ್ಪತ್ತೆರಡು ವರ್ಷ ಹಿಡಿಯಿತು, ೨೦೦೭ರಲ್ಲಿ ಮುಗಿಯಿತು. ನಮ್ಮ ಹಿತ್ತಲಿನ ಮರ ಪ್ರತಿ ಬೇಸಿಗೆಯಲ್ಲೂ ಅದನ್ನು ಕಟ್ಟುತ್ತದೆ.

ಇನ್ನು ಕ್ರಿಮಿಗಳ ಪರೀಕ್ಷೆ. ಗಾಜಿನ ಚಪ್ಪಟೆ ತಟ್ಟೆಯಲ್ಲಿ ಅಗಾರ್ ಎಂಬ ಕಡಲಪಾಚಿಯ ಗಟ್ಟಿ ಮಾಡುತ್ತಾರೆ. ಕಿರಾಣಿ ಅಂಗಡಿಯವರು ಅದನ್ನು ಚೈನಾ ಗ್ರಾಸ್ ಎಂದು ಮಾರುತ್ತಾರೆ, ಹೌದಲ್ಲವೇ? ಇದನ್ನು ವಿಜ್ಞಾನಕ್ಕೆ ಕೊಟ್ಟವಳು ಒಬ್ಬ ಗೃಹಿಣಿ. ೧೮೮೧ರಲ್ಲಿ ಜರ್ಮನಿಯ ಕಾಖ್ ಎಂಬ ಮಹಾವಿಜ್ಞಾನಿಯ ಪ್ರಯೋಗಶಾಲೆಯಲ್ಲಿ ಜೆಲಟಿನ್ ಬೇಸಿಗೆಗೆ ಕರಗಿ ಹೋಗುತ್ತಿತ್ತು. ಅಲ್ಲಿ ಕೆಲಸ ಮಾಡುತ್ತಿದ್ದವರ ಹೆಂಡತಿ ಫ್ಯಾನಿ ಹೆಸ್ಸೆ, ತಾನು ಅಡಿಗೆಯಲ್ಲಿ ಬಳಸುವ ಅಗಾರ್ ಶಾಖಕ್ಕೆ ಕರಗುವುದಿಲ್ಲ, ಅದನ್ನು ನೋಡಿರಿ ಎಂದಳು. ಜಗತ್ತಿನ ಎಲ್ಲ ಪ್ರಯೋಗಶಾಲೆಗಳೂ ಇಂದಿಗೂ ಅದನ್ನೇ ಬಳಸುತ್ತವೆ. ಆಕೆಯ ಹೆಸರು ಮಾತ್ರ ಪಾಠಪುಸ್ತಕದಲ್ಲಿ ಬರುವುದಿಲ್ಲ.

ಆ ಅಗಾರಿನ ಮೇಲೆ ಕೀವು ಮಾಡುವ ಕ್ರಿಮಿಯನ್ನೋ, ಭೇದಿ ಮಾಡುವ ಕ್ರಿಮಿಯನ್ನೋ ತೆಳ್ಳಗೆ ಹರಡಿ, ಬೇವಿನ ಸಾರದಲ್ಲಿ ಅದ್ದಿದ ಸಣ್ಣ ಕಾಗದದ ಬಿಲ್ಲೆಯನ್ನು ಇಟ್ಟು, ನಮ್ಮ ಮೈಶಾಖದಷ್ಟು ಬಿಸಿಯಲ್ಲಿ ಒಂದು ರಾತ್ರಿ ಬಿಡುತ್ತಾರೆ. ಬೆಳಗ್ಗೆ ನೋಡಿದರೆ ತಟ್ಟೆಯೆಲ್ಲ ಕ್ರಿಮಿಯಿಂದ ಮಸುಕಾಗಿರುತ್ತದೆ. ಬಿಲ್ಲೆಯ ಸುತ್ತ ಮಾತ್ರ ತಿಳಿಯಾದ ಒಂದು ವರ್ತುಲ ಉಳಿದಿದ್ದರೆ ಸಾರವು ಕ್ರಿಮಿಯನ್ನು ತಡೆದಿದೆ. ವರ್ತುಲದ ಅಗಲವನ್ನು ಮಿಲಿಮೀಟರಿನಲ್ಲಿ ಅಳೆಯುತ್ತಾರೆ. ಬೇವಿನ ಎಲೆ, ತೊಗಟೆ, ಬೀಜಗಳ ಸಾರಕ್ಕೆ ಈ ವರ್ತುಲ ಮೂಡುತ್ತದೆ ಎಂದು ನಮ್ಮ ದೇಶದ ಹಲವು ಕಾಲೇಜುಗಳಲ್ಲಿ ಮತ್ತೆ ಮತ್ತೆ ಕಂಡಿದ್ದಾರೆ. ಕೀವಿನ ಕ್ರಿಮಿ ಸ್ಟೆಫಿಲೊಕಾಕಸ್ ಸಾಮಾನ್ಯವಾಗಿ ಬೇಗ ಸೋಲುತ್ತದೆ. ಕರುಳಿನ ಕ್ರಿಮಿಗಳು ಅಷ್ಟು ಸುಲಭವಾಗಿ ಸೋಲುವುದಿಲ್ಲ, ಅವಕ್ಕೆ ಹೊರಗೆ ಇನ್ನೊಂದು ಪೊರೆಯಿದೆ. ೧೮೮೪ರಲ್ಲಿ ಗ್ರಾಮ್ ಎಂಬ ಡೇನಿಷ್ ವೈದ್ಯ ಬಣ್ಣ ಹಾಕಿ ಈ ಎರಡು ಬಗೆಯ ಕ್ರಿಮಿಗಳನ್ನು ಬೇರ್ಪಡಿಸುವ ಉಪಾಯ ಕಂಡುಹಿಡಿದಿದ್ದನು.

ಆದರೆ ಇಲ್ಲೇ ವ್ಯಾಪಾರಸ್ಥರು ಕಿವಿ ನೆಟ್ಟಗೆ ಮಾಡಬೇಕು. ಅದೇ ತಟ್ಟೆಯಲ್ಲಿ ಇನ್ನೆರಡು ಬಿಲ್ಲೆಗಳಿರಬೇಕು. ಒಂದು, ಬರಿಯ ದ್ರಾವಕದ್ದು. ಏಕೆಂದರೆ ಮದ್ಯಸಾರ ತಾನೇ ಕ್ರಿಮಿ ಕೊಲ್ಲುತ್ತದೆ. ಚೀಲದ ತೂಕ ಕಳೆಯದೆ ಮಾಲಿನ ತೂಕ ಹೇಳುವವರನ್ನು ತಾವು ಏನೆಂದು ಕರೆಯುತ್ತೀರಿ? ಇನ್ನೊಂದು, ಗೊತ್ತಿರುವ ಆಂಟಿಬಯೋಟಿಕ್ಕಿನದು, ಹೋಲಿಸಿ ನೋಡಲು. ಈ ಎರಡೂ ಇಲ್ಲದ ಪರೀಕ್ಷೆ ಪರೀಕ್ಷೆಯೇ ಅಲ್ಲ. ಹೋಲಿಸಿದಾಗ ಕಾಣುವುದೇನೆಂದರೆ, ಆಂಟಿಬಯೋಟಿಕ್ ಮೈಕ್ರೊಗ್ರಾಮುಗಳಲ್ಲಿ ಮಾಡುವ ಕೆಲಸಕ್ಕೆ ಗಿಡದ ಹಸಿ ಸಾರ ಅನೇಕ ವೇಳೆ ಮಿಲಿಗ್ರಾಮುಗಳಷ್ಟು, ಅಂದರೆ ಸಾವಿರಪಟ್ಟು ಬೇಕಾಗುತ್ತದೆ. ಸಾರದಲ್ಲಿ ನೂರು ದ್ರವ್ಯಗಳು ಕಲೆತಿರುವುದರಿಂದ ಇದು ಸಹಜ. ಎಣ್ಣೆಯಂಥ ದ್ರವ್ಯವು ನೀರಿನ ಅಗಾರಿನಲ್ಲಿ ಹರಡುವುದೇ ಇಲ್ಲ, ಆದ್ದರಿಂದ ವರ್ತುಲ ಚಿಕ್ಕದಾದರೆ ಗುಣವಿಲ್ಲ ಎಂದೂ ಹೇಳಲಾಗದು.

ಈಗ ಹಮಾಲ ಅಣ್ಣನವರ ಪ್ರಶ್ನೆಗೆ ಬರೋಣ. ಧನುರ್ವಾಯುವಿನ ಕ್ರಿಮಿ ಗಾಳಿ ಸೋಕದ ಕಡೆ ಬೆಳೆಯುವಂಥದು. ಅಂಗಾಲಿನ ಆಳದ ಚುಚ್ಚುಗಾಯ ಅದಕ್ಕೆ ಹೇಳಿ ಮಾಡಿಸಿದ ಮನೆ. ಮೇಲೆ ಕಟ್ಟಿದ ಬೇವು ಅಲ್ಲಿಗೆ ಇಳಿಯುವುದೇ ಇಲ್ಲ. ಮೇಲಾಗಿ ಅಲ್ಲಿ ಕೊಲ್ಲುವುದು ಕ್ರಿಮಿಯಲ್ಲ, ಅದು ಬಿಡುವ ವಿಷ. ಕಣ್ಣಿಗೆ ಕಾಣದಷ್ಟು ವಿಷ ಸಾಕು. ಗಾಳಿಯಾಡುವ ತಟ್ಟೆಯಲ್ಲಿ ಕೀವಿನ ಕ್ರಿಮಿಯ ಮೇಲೆ ಬೇವು ಗೆದ್ದಿತೆಂದು ಅಂಗಾಲಿನೊಳಗಿನ ಈ ಕ್ರಿಮಿಯ ಮೇಲೆ ಗೆಲ್ಲುತ್ತದೆಂದು ಅರ್ಥವಲ್ಲ. ಮೊಳೆ, ತಂತಿ, ಪಟ್ಟಿ ಚುಚ್ಚಿದರೆ ಗಾಯವನ್ನು ಸಾಬೂನು ನೀರಿನಿಂದ ತೊಳೆದು ಅಂದೇ ಸರಕಾರಿ ದವಾಖಾನೆಗೆ ಹೋಗಿ ಸೂಜಿ ಹಾಕಿಸಿಕೊಳ್ಳಬೇಕು. ಅದಕ್ಕೆ ಅರ್ಧ ದಿನದ ಕೂಲಿ ಕಡಿಯಬಾರದು. ಇದು ನಮ್ಮ ಬೇಡಿಕೆಯ ಪಟ್ಟಿಯಲ್ಲಿ ಸೇರಬೇಕಾದ ಮಾತು. ಬೇವು ಹಚ್ಚು ಎಂಬ ಉಪದೇಶ ಮಾಲಕರ ಬಾಯಿಂದ ಬಂದಾಗ ಅದು ಆಯುರ್ವೇದವಲ್ಲ, ದವಾಖಾನೆಯ ಖರ್ಚಿನ ಉಳಿತಾಯ.

ಹಾಗೆಂದು ಬೇವನ್ನು ತಿಪ್ಪೆಗೆ ಎಸೆಯಲು ನಾವು ಹೇಳುತ್ತಿಲ್ಲ. ಕಜ್ಜಿಯ ವಿಷಯ ನೋಡಿರಿ. ತಮಿಳುನಾಡಿನಲ್ಲಿ ಇಬ್ಬರು ವೈದ್ಯರು ಬೇವಿನ ಎಲೆ ಮತ್ತು ಅರಿಶಿಣವನ್ನು ಅರೆದು ೮೧೪ ಮಂದಿ ಕಜ್ಜಿಯವರಿಗೆ ಹಚ್ಚಿಸಿದರು. ಮೂರರಿಂದ ಹದಿನೈದು ದಿನಗಳೊಳಗೆ ನೂರಕ್ಕೆ ೯೭ ಮಂದಿ ಗುಣವಾದರೆಂದು ೧೯೯೨ರಲ್ಲಿ ಪ್ರಕಟಿಸಿದರು. ಖರ್ಚು ಏನೂ ಇಲ್ಲ. ಕಜ್ಜಿ ಮಾಡುವುದು ಬ್ಯಾಕ್ಟೀರಿಯಾ ಅಲ್ಲ, ಚರ್ಮದಲ್ಲಿ ಬಿಲ ತೋಡುವ ಸಣ್ಣ ಹುಳ. ಆದರೆ ಬೇರೆ ಮದ್ದು ಹಚ್ಚಿಸಿಕೊಂಡ ಇನ್ನೊಂದು ಗುಂಪನ್ನು ಪಕ್ಕದಲ್ಲಿಟ್ಟು ಅವರು ಹೋಲಿಸಿರಲಿಲ್ಲ. ಎರಡನೆಯ ಬಿಲ್ಲೆ ಇಲ್ಲದ ತಟ್ಟೆ ಅದು. ಒಳ್ಳೆಯ ಆರಂಭ ಎನ್ನಬೇಕು, ಕೊನೆಯ ಮಾತು ಎನ್ನಲಾಗದು.

ಬೇವಿನ ಎಣ್ಣೆಯ ವಿಷಯದಲ್ಲಿ ತಾಯಂದಿರಿಗೆ ಕೈಮುಗಿದು ಒಂದು ಮಾತು ಹೇಳಬೇಕಾಗಿದೆ. ಕೂಸಿಗೆ ಕೆಮ್ಮು ಬಂದರೆ, ಹೊಟ್ಟೆ ಉಬ್ಬಿದರೆ ಬೇವಿನ ಎಣ್ಣೆಯ ನಾಲ್ಕು ಹನಿ ಬಾಯಿಗೆ ಹಾಕುವ ರೂಢಿ ಕೆಲವು ಮನೆಗಳಲ್ಲಿದೆ. ಮಲೇಷಿಯಾದಲ್ಲಿ ನೆಲೆಸಿದ ಭಾರತೀಯ ಕುಟುಂಬಗಳಲ್ಲಿಯೂ ಈ ರೂಢಿಯಿತ್ತು. ಅಲ್ಲಿ ಕೂಸುಗಳಿಗೆ ವಾಂತಿ, ಫಿಟ್ಸು, ಎಚ್ಚರ ತಪ್ಪುವುದು ಆಗಿ ಯಕೃತ್ತೂ ಮಿದುಳೂ ಕೆಟ್ಟದ್ದನ್ನು ವೈದ್ಯರು ೧೯೮೧ರಲ್ಲಿ 'ಲ್ಯಾನ್ಸೆಟ್' ಎಂಬ ವೈದ್ಯಪತ್ರಿಕೆಯಲ್ಲಿ ಬರೆದರು. ಮೈಗೆ ಹಚ್ಚುವುದು ಬೇರೆ, ಕೂಸಿನ ಹೊಟ್ಟೆಗೆ ಹಾಕುವುದು ಬೇರೆ. ದಯವಿಟ್ಟು ಹಾಕಬೇಡಿರಿ. ಈಶ್ವರಿ ಬೇರಿನದೂ ಇದೇ ಕತೆ. ಹಾವು ಕಚ್ಚಿದವರಿಗೆ ಅದನ್ನು ತೇಯ್ದು ಕುಡಿಸುವವರು ನಮ್ಮಲ್ಲಿ ಇಂದಿಗೂ ಇದ್ದಾರೆ. ಆ ಬಳಗದ ಗಿಡಗಳಲ್ಲಿ ಇರುವ ಅರಿಸ್ಟೊಲೋಕಿಕ್ ಆಮ್ಲ ಮೂತ್ರಪಿಂಡವನ್ನು ಕೆಡಿಸುತ್ತದೆ, ಕ್ಯಾನ್ಸರ್ ತರುತ್ತದೆ ಎಂಬುದು ಬೆಲ್ಜಿಯಂ ದೇಶದಲ್ಲಿ ೧೯೯೩ರಲ್ಲಿ ಬಯಲಾದ ಪ್ರಕರಣದಿಂದ ಜಗತ್ತಿಗೇ ತಿಳಿಯಿತು. ಹಾವಿನ ವಿಷಕ್ಕೆ ಪ್ರತಿವಿಷದ ಸೂಜಿಯೊಂದೇ ಮದ್ದು. ಬೇರು ತೇಯುತ್ತ ಕಳೆದ ಒಂದೊಂದು ಗಳಿಗೆಯೂ ಆ ರೋಗಿಯ ಆಯುಷ್ಯದಿಂದ ಕಳೆದದ್ದು.

ಅಂದಮೇಲೆ ಪರೀಕ್ಷೆ ಎಂಬುದು ಅಜ್ಜಿಯ ಮದ್ದಿಗೆ ವೈರಿಯಲ್ಲ. ಯಾವುದು ಉಳಿಯಬೇಕು, ಯಾವುದು ಹೋಗಬೇಕು ಎಂದು ತೂಗುವ ತಕ್ಕಡಿ. ಆದರೆ ಆ ತಕ್ಕಡಿ ಯಾರ ಕೈಯಲ್ಲಿದೆ? ಇಲ್ಲಿಂದ ಮುಂದಿನದು ಪಕ್ಷದ ಮಾತು.

ಅಮೇರಿಕದ ಕೃಷಿ ಇಲಾಖೆ ಮತ್ತು ಡಬ್ಲ್ಯು. ಆರ್. ಗ್ರೇಸ್ ಎಂಬ ಕಂಪನಿ ಕೂಡಿ, ಬೇವಿನ ಎಣ್ಣೆಯಿಂದ ಬೆಳೆಯ ಬೂಷ್ಟು ರೋಗ ತಡೆಯುವ ವಿಧಾನವು ತಮ್ಮ ಶೋಧವೆಂದು ಯುರೋಪಿನ ಪೇಟೆಂಟ್ ಕಚೇರಿಯಿಂದ ೧೯೯೪ರಲ್ಲಿ ಹಕ್ಕುಪತ್ರ ಪಡೆದವು. ಇದೇ ಕಂಪನಿ ನಮ್ಮ ತುಮಕೂರಿನಲ್ಲಿ ಒಂದು ಭಾರತೀಯ ಕಂಪನಿಯೊಡನೆ ಕೂಡಿ ಬೇವಿನ ಬೀಜ ಸಂಸ್ಕರಿಸುವ ಕಾರಖಾನೆ ನಡೆಸಿತು. ಬೀಜ ನಮ್ಮದು, ಆರಿಸಿದ ಕೈ ನಮ್ಮದು, ಹಕ್ಕುಪತ್ರ ಅವರದು! ಲೋಹಿಯಾ ವಿಚಾರದಲ್ಲಿ ಬೆಳೆದ ಪ್ರೊ. ಎಂ. ಡಿ. ನಂಜುಂಡಸ್ವಾಮಿಯವರ ನಾಯಕತ್ವದಲ್ಲಿ ರಾಜ್ಯ ರೈತ ಸಂಘವು ಬೀಜದ ಪೇಟೆಂಟಿನ ವಿರುದ್ಧ ಬೀದಿಗಿಳಿದ ಕಾಲವದು. ೧೯೯೫ರಲ್ಲಿ ವಂದನಾ ಶಿವ, ಬೆಲ್ಜಿಯಂನ ಮಗ್ಡಾ ಆಲ್ವೂಟ್ ಮತ್ತು ಸಾವಯವ ಕೃಷಿಕರ ಅಂತರರಾಷ್ಟ್ರೀಯ ಒಕ್ಕೂಟ ಕೂಡಿ ತಕರಾರು ಹೂಡಿದರು. ಭಾರತದಲ್ಲಿ ಇದು ಹಿಂದಿನಿಂದಲೂ ಬಳಕೆಯಲ್ಲಿತ್ತು ಎಂಬ ಸಾಕ್ಷಿಯನ್ನು ಮ್ಯೂನಿಕ್‌ನಲ್ಲಿ ಮುಂದಿಟ್ಟರು. ೨೦೦೦ದ ಮೇ ತಿಂಗಳಲ್ಲಿ ಪೇಟೆಂಟು ರದ್ದಾಯಿತು. ಮೇಲ್ಮನವಿಯೂ ೨೦೦೫ರ ಮಾರ್ಚಿಯಲ್ಲಿ ವಜಾ ಆಯಿತು. ಹತ್ತು ವರ್ಷದ ಜಗಳ. ಗಾಯಕ್ಕೆ ಅರಿಶಿಣ ಹಚ್ಚುವುದಕ್ಕೇ ೧೯೯೫ರಲ್ಲಿ ಅಮೇರಿಕದಲ್ಲಿ ಪೇಟೆಂಟು ಕೊಟ್ಟಿದ್ದರು. ನಮ್ಮ ಸರಕಾರದ ವೈಜ್ಞಾನಿಕ ಸಂಶೋಧನಾ ಮಂಡಳಿ ಹಳೆಯ ಗ್ರಂಥಗಳನ್ನು ತೋರಿಸಿ ೧೯೯೭ರಲ್ಲಿ ಅದನ್ನು ರದ್ದು ಮಾಡಿಸಿತು.

ಇಲ್ಲಿ ಗಮನಿಸಬೇಕಾದ್ದು, ಎರಡು ಕಡೆಗಳಲ್ಲೂ ಗೆದ್ದದ್ದು ಬರಹ ಮತ್ತು ದಾಖಲೆ. ನಮ್ಮ ಅಜ್ಜಂದಿರಿಗೆ ಗೊತ್ತಿತ್ತು ಎಂದರೆ ಮ್ಯೂನಿಕ್‌ನಲ್ಲಿ ಯಾರೂ ಕೇಳರು. ೨೦೦೨ರ ಜೈವಿಕ ವೈವಿಧ್ಯ ಕಾಯಿದೆಯ ಪ್ರಕಾರ ಪ್ರತಿ ಗ್ರಾಮ ಪಂಚಾಯತಿಯಲ್ಲೂ ಪುರಸಭೆಯಲ್ಲೂ ಒಂದು ಸಮಿತಿಯಿದ್ದು, ಊರಿನ ಗಿಡಮರ ಮತ್ತು ಅವುಗಳ ಬಗ್ಗೆ ಜನರಿಗಿರುವ ತಿಳುವಳಿಕೆಯನ್ನು ಒಂದು ದಾಖಲೆ ಪುಸ್ತಕದಲ್ಲಿ ಬರೆಯಬೇಕು. ತಮ್ಮ ಪಂಚಾಯತಿಯಲ್ಲಿ ಆ ಪುಸ್ತಕ ಎಲ್ಲಿದೆ, ಯಾರ ಬೀರುವಿನಲ್ಲಿದೆ ಎಂದು ಕೇಳಿ ನೋಡಿರಿ. ಅದನ್ನು ಕಚೇರಿಯ ಮೇಜಿನ ಮೇಲೆ ಕುಳಿತು ತುಂಬಿದ್ದಾರೋ, ಕುರಿ ಕಾಯುವವರನ್ನೂ ಸೂಲಗಿತ್ತಿಯರನ್ನೂ ಕೇಳಿ ತುಂಬಿದ್ದಾರೋ ಓದಿ ನೋಡಿರಿ. ೨೦೨೩ರ ತಿದ್ದುಪಡಿಯಲ್ಲಿ, ಗ್ರಂಥಗಳಲ್ಲಿ ಬರೆದಿಟ್ಟ ಸಾಂಪ್ರದಾಯಿಕ ಜ್ಞಾನ ಬಳಸುವವರಿಗೆ ಲಾಭಹಂಚಿಕೆಯಿಂದ ವಿನಾಯಿತಿ ಕೊಟ್ಟಿದ್ದಾರೆ. ಇದು ದೊಡ್ಡ ಔಷಧ ಕಂಪನಿಗಳಿಗೆ ಹಿಡಿದ ಕೊಡೆ ಎಂಬುದು ನಮ್ಮ ಅಭಿಪ್ರಾಯ.

ವ್ಯಾಪಾರಸ್ಥ ಬಂಧುಗಳಿಗೂ ಇದು ಹೊಟ್ಟೆಯ ಪ್ರಶ್ನೆ. ೨೦೧೫ರಲ್ಲಿ ದೇಶದಲ್ಲಿ ತಯಾರಾಗುವ ಯೂರಿಯಾಕ್ಕೆಲ್ಲ ಬೇವಿನ ಎಣ್ಣೆಯ ಲೇಪ ಕಡ್ಡಾಯವಾಯಿತು. ಮಳೆ ಹಿಡಿಯುವ ಮುಂಚೆ ಮರದಡಿಯಲ್ಲಿ ಬೀಜ ಆರಿಸುವವರು ಬಡ ಹೆಂಗಸರು, ಮಕ್ಕಳು. ತಿರುಳು ತೊಳೆಯದೆ, ತೇವವಿರುವಾಗಲೇ ಚೀಲಕ್ಕೆ ತುಂಬಿದ ಬೀಜಕ್ಕೆ ಬೂಷ್ಟು ಹಿಡಿಯುತ್ತದೆ, ಅಫ್ಲಾಟಾಕ್ಸಿನ್ ಎಂಬ ವಿಷ ಸೇರುತ್ತದೆ, ಕಹಿಯ ಸತ್ವವೂ ಇಳಿಯುತ್ತದೆ. ಶಹಾಪುರದ ಹತ್ತಿ ಬೆಳೆಗಾರರು ಕೊಳ್ಳುವ ಬೇವಿನ ಔಷಧದ ಡಬ್ಬಿಯ ಮೇಲೆ ೩೦೦ ಪಿಪಿಎಂ, ೧೫೦೦ ಪಿಪಿಎಂ, ೧೦,೦೦೦ ಪಿಪಿಎಂ ಎಂದು ಅಜಾಡಿರಾಕ್ಟಿನ್ ಪ್ರಮಾಣ ಅಚ್ಚಾಗಿರುತ್ತದೆ. ಒಳಗೆ ಅಷ್ಟಿದೆಯೋ ಇಲ್ಲವೋ ನೋಡುವ ಯಂತ್ರ ನಮ್ಮ ಸಂತೆಯಲ್ಲಿಲ್ಲ. ಕೊಳ್ಳುವ ರೈತನೂ ಮಾರುವ ಅಂಗಡಿಯವನೂ ಲೇಬಲ್ಲನ್ನೇ ನಂಬಬೇಕು. ಮೋಸವಾದಾಗ ಬೈಸಿಕೊಳ್ಳುವವನು ಅಂಗಡಿಯವನು.

೨೦೦೯ರ ಕೊನೆಗೆ ಯಾದಗಿರಿ ಜಿಲ್ಲೆಯಾಯಿತು. ಭೀಮರಾಯನಗುಡಿಯಲ್ಲಿ ಕೃಷಿ ಕಾಲೇಜಿದೆ, ಯಾದಗಿರಿಗೆ ವೈದ್ಯಕೀಯ ಕಾಲೇಜು ಬಂದಿದೆ. ಗುಲ್ಬರ್ಗಾ ವಿಶ್ವವಿದ್ಯಾಲಯದ ಸಸ್ಯಶಾಸ್ತ್ರದವರು ಈ ಸೀಮೆಯ ನಾಟಿ ವೈದ್ಯರ ಮೂಲಿಕೆಗಳನ್ನು ಬರೆದಿಟ್ಟಿದ್ದಾರೆ. ಆದರೆ ಅದು ಇಂಗ್ಲಿಷಿನಲ್ಲಿದೆ, ಹೇಳಿದ ವೈದ್ಯರಿಗೇ ಓದಲು ಬಾರದು. ಕಡೇಚೂರು-ಬಾಡಿಹಾಳ ಕೈಗಾರಿಕಾ ಪ್ರದೇಶದಲ್ಲಿ ಔಷಧದ ಕಚ್ಚಾಮಾಲು ತಯಾರಿಸುವ ಕಾರಖಾನೆಗಳು ಎದ್ದಿವೆ, ಅವುಗಳ ದುರ್ವಾಸನೆಯ ಬಗ್ಗೆ ಅಲ್ಲಿನ ಹಳ್ಳಿಗರು ದೂರುತ್ತಲೇ ಇದ್ದಾರೆ. ಔಷಧದ ಹೊಗೆ ಕುಡಿಯಲು ನಾವು ಬೇಕು, ಔಷಧದ ಪರೀಕ್ಷೆಗೆ ಮಾತ್ರ ಬೆಂಗಳೂರಿಗೋ ಹೈದರಾಬಾದಿಗೋ ಹೋಗಬೇಕು. ಆದ್ದರಿಂದ ನಾವು ಕೇಳುವುದು ಇಷ್ಟು: ಈ ಎರಡು ಕಾಲೇಜುಗಳಲ್ಲಿ ವಾರಕ್ಕೆ ಒಂದು ದಿನ ಸಾರ್ವಜನಿಕರು ತಂದ ಬೀಜ, ಎಣ್ಣೆ, ಮೂಲಿಕೆಗಳನ್ನು ಕಡಿಮೆ ಶುಲ್ಕದಲ್ಲಿ ಪರೀಕ್ಷಿಸಿ, ಫಲಿತಾಂಶವನ್ನು ಕನ್ನಡದಲ್ಲಿ ಬರೆದುಕೊಡಬೇಕು. ನಾಟಿ ವೈದ್ಯರು ಹೇಳಿಕೊಟ್ಟ ಮೂಲಿಕೆಯ ಮೇಲೆ ಅವರ ಹೆಸರಿರಬೇಕು. ಇದಕ್ಕೆ ಕೋಟಿಗಟ್ಟಲೆ ಬೇಡ. ತಟ್ಟೆ, ಅಗಾರ್, ಬಿಸಿ ಪೆಟ್ಟಿಗೆ, ಕೆಲಸ ಮಾಡುವ ಮನಸ್ಸಿನ ನಾಲ್ಕು ಮಂದಿ ಸಾಕು.

ಸುರಪುರದ ಸಭೆಯಲ್ಲಿ ಒಬ್ಬ ಅಜ್ಜಿ ಎದ್ದು, "ಯಪ್ಪಾ, ಹಂಗಾರ ಯುಗಾದಿಗಿ ಬೇವು ತಿನ್ನಬೇಕೋ ಬ್ಯಾಡೋ?" ಎಂದು ಕೇಳಿದರು. ಎಲ್ಲರೂ ನಕ್ಕರು. ತಿನ್ನಿರಿ ಅವ್ವಾ, ನಾಲ್ಕು ಹೂವು ತಿಂದರೆ ಏನೂ ಆಗದು, ಮೊಮ್ಮಗನ ಬಾಯಿಗೆ ಎಣ್ಣೆ ಮಾತ್ರ ಹಾಕಬೇಡಿರಿ ಎಂದೆವು. ಸಭೆ ಮುಗಿದ ಮೇಲೆ ಆ ಅಜ್ಜಿ ಸೆರಗಿನ ಗಂಟಿನಿಂದ ಒಂದು ಒಣ ಬೇರು ತೆಗೆದು, ಇದು ಹುಣ್ಣಿಗೆ ಒಳ್ಳೆಯದು, ಇದನ್ನೂ ಆ ತಟ್ಟೆಯಲ್ಲಿಟ್ಟು ನೋಡಿಸು ಎಂದು ನಮ್ಮ ಕೈಗೆ ಕೊಟ್ಟಿದ್ದಾರೆ. ಅದು ಈಗ ಕಾಗದದಲ್ಲಿ ಸುತ್ತಿ, ಅವರ ಹೆಸರು, ಊರು, ತಾರೀಖು ಬರೆದು ಪಕ್ಷದ ಕಚೇರಿಯ ಕಪಾಟಿನಲ್ಲಿದೆ. ಕೃಷಿ ಕಾಲೇಜಿಗೆ ಅರ್ಜಿ ಬರೆದಿದ್ದೇವೆ. ಬರುವ ಸೋಮವಾರ ಬೇರನ್ನೂ ಅರ್ಜಿಯನ್ನೂ ಕೂಡಿಯೇ ಕೊಟ್ಟು ಬರುತ್ತೇವೆ. ಜೊತೆಗೆ ಬರುವವರು ಬೆಳಗ್ಗೆ ಎಂಟಕ್ಕೆ ಶಹಾಪುರದ ಬಸ್ ನಿಲ್ದಾಣದಲ್ಲಿ ಸೇರಬೇಕು.